ಆಮೇಲೆ ಬಂದ್ರಾ ಅವರು?

18 ಅಕ್ಟೋಬರ್ 2024, ಶುಕ್ರವಾರ
ಆ್ಯನ್ ಆರ್ಬರ್, ಅಮೆರಿಕ

ಅಪ್ಪ ಇನ್ನೂ ಮಲಗಿಲ್ಲ. ಪಕ್ಕದ ರೂಮಿನ ದೀಪ ಉರಿಯುತ್ತಲೇ ಇದೆ.

ಮಧ್ಯಾಹ್ನ ಅವರನ್ನು ಡೆಟ್ರಾಯಿಟ್ ಅಬ್ಸರ್ವೇಟರಿಗೆ, ನಕ್ಷತ್ರ ನೋಡೋ ಹಳೇ ಕಟ್ಟಡಕ್ಕೆ, ಕರೆದುಕೊಂಡು ಹೋಗಿದ್ದೆ. ಅದು ಇರೋದು ನಮ್ಮೂರಲ್ಲೇ. 1854ರಲ್ಲಿ ಕಟ್ಟುವಾಗ ಡೆಟ್ರಾಯಿಟಿನ ಜನ ದುಡ್ಡು ಕೊಟ್ಟರು ಅಂತ ಆ ಹೆಸರು. ದೂರದರ್ಶಕ ಹೊತ್ತ ಕಂಬ ಅಡಿಪಾಯದಿಂದಲೇ ಬೇರೆ. ಯಾರಾದರೂ ಓಡಾಡಿದರೆ ನಕ್ಷತ್ರ ಅಲುಗಬಾರದು ಅಂತ ಗೋಡೆಗೂ ನೆಲಕ್ಕೂ ತಾಗಿಸದೆ ನಿಲ್ಲಿಸಿದ್ದಾರೆ. ಅಪ್ಪ ಮಂಡಿನೋವಲ್ಲೂ ಬಗ್ಗಿ ಆ ಸಂದನ್ನು ನೋಡಿದರು. "ಕಟ್ಟಿಸಿದವರು ಯಾರಮ್ಮ?" ಅಂದರು.

ಹೆನ್ರಿ ಟ್ಯಾಪನ್. ಮಿಶಿಗನ್ ವಿಶ್ವವಿದ್ಯಾಲಯಕ್ಕೆ 1852ರಲ್ಲಿ ಅಧ್ಯಕ್ಷರಾಗಿ ಬಂದವರು. ಆಗ ಇಲ್ಲಿದ್ದದ್ದು ಒಂದು ಸಣ್ಣ ಕಾಲೇಜು, ಅಷ್ಟೇ. ಅವರ ಕಣ್ಣಲ್ಲಿ ಇದ್ದದ್ದು ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ವಿಶ್ವವಿದ್ಯಾಲಯ: ಮೇಷ್ಟರು ಪಾಠ ಒಪ್ಪಿಸಿಕೊಂಡರೆ ಸಾಲದು, ತಾವೂ ಹುಡುಕಬೇಕು, ಅದಕ್ಕೆ ಪ್ರಯೋಗಾಲಯ ಬೇಕು, ಪುಸ್ತಕ ಬೇಕು. ನಕ್ಷತ್ರ ಅಳೆಯುವ ಯಂತ್ರವನ್ನು ಬರ್ಲಿನ್‌ನಲ್ಲಿ ಮಾಡಿಸಿ ತರಿಸಿದರು. ಅಲ್ಲಿಂದಲೇ ಬ್ರುನೋವ್ ಎಂಬ ಖಗೋಳಜ್ಞನನ್ನೂ ಕರೆಸಿದರು. ಆತ ಮುಂದೆ ಅವರ ಅಳಿಯನೂ ಆದ. ಕಾಡಂಚಿನ ಊರಿಗೆ ಇದೆಲ್ಲ ಯಾಕೆ ಅಂತ ಕೇಳಿದವರು ಬಹಳ ಮಂದಿ. ಪತ್ರಿಕೆಯವರು ಅವರ ಗತ್ತನ್ನೂ ಪ್ರಷ್ಯಾದ ಹುಚ್ಚನ್ನೂ ಆಡಿಕೊಂಡರು. ಊಟದ ಜೊತೆ ವೈನ್ ಕುಡೀತಾರೆ ಅನ್ನುವುದೂ ದೂರಾಯಿತು.

1863ರ ಜೂನ್ 25ರಂದು ಆಡಳಿತ ಮಂಡಳಿ ಅವರನ್ನು ಕೆಲಸದಿಂದ ತೆಗೆಯಿತು. ಹನ್ನೊಂದು ವರ್ಷ ದುಡಿದ ಮನುಷ್ಯನನ್ನು! ಆ ಮಂಡಳಿಯದೇ ಅವಧಿ ಆ ವರ್ಷದ ಕೊನೆಗೆ ಮುಗೀತಿತ್ತು. ವಿದ್ಯಾರ್ಥಿಗಳು, ಊರವರು ಗಲಾಟೆ ಮಾಡಿದರೂ ಹೊಸ ಮಂಡಳಿ ತೀರ್ಮಾನ ಬದಲಿಸಲಿಲ್ಲ. ಆ ಕುರ್ಚಿಯಲ್ಲಿ ಅಷ್ಟರಲ್ಲಿ ಬೇರೆಯವರು ಕೂತಾಗಿತ್ತು. ಟ್ಯಾಪನ್ ಮನೆಮಂದಿಯನ್ನು ಕಟ್ಟಿಕೊಂಡು ಯುರೋಪಿಗೆ ಹೊರಟುಹೋದರು. ನನಗೆ ಇದನ್ನು ಹೇಳುವಾಗಲೇ ಸಿಟ್ಟು ಬರುತ್ತೆ.

ಅಪ್ಪ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. ಮೇಪಲ್ ಎಲೆಯೊಂದು ಶಾಲಿನ ಮೇಲೆ ಬಿದ್ದಿತ್ತು, ತೆಗೆಯಲಿಲ್ಲ.

"ತಪ್ಪಾಯ್ತು ಅಂತ ಯಾರೂ ಹೇಳಲೇ ಇಲ್ವಾ?"

"ಹೇಳಿದ್ರಪ್ಪ. ಹತ್ತು ವರ್ಷ ಕಳೆದ ಮೇಲೆ. ಗೌರವದಿಂದ ಬನ್ನಿ ಅಂತ ಕರೆದರು."

"ಆಮೇಲೆ ಬಂದ್ರಾ ಅವರು?"

"ಇಲ್ಲ. ಸ್ವಿಟ್ಜರ್ಲೆಂಡಿನ ವೆವೆಯಲ್ಲಿ, ಸರೋವರದ ದಂಡೆಯಲ್ಲಿ ಮನೆ ಮಾಡಿಕೊಂಡಿದ್ರು. 1881ರಲ್ಲಿ ಅಲ್ಲೇ ತೀರಿಕೊಂಡರು."

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರು ಬರ್ಬೇಕಿತ್ತು ಅನ್ಸುತ್ತಾ ನಿಂಗೆ?" ಅಂದರು.

ನನಗೆ ಗೊತ್ತಾಯಿತು ಇದು ಟ್ಯಾಪನ್ ಮಾತಲ್ಲ ಅಂತ. ನಿನ್ನೆ ಬೆಳಿಗ್ಗೆ ಊರಿನ ಹೈಸ್ಕೂಲಿಂದ ವಾಟ್ಸಾಪ್ ಬಂದಿದೆ. ಸುವರ್ಣ ಮಹೋತ್ಸವವಂತೆ, ಮಾಜಿ ಮುಖ್ಯೋಪಾಧ್ಯಾಯರಿಗೆ ಸನ್ಮಾನವಂತೆ. ಲ್ಯಾಬಿನ ಬೀರುವಿಗೆಂದು ಮನೆಮನೆ ತಿರುಗಿ ಚಂದಾ ಎತ್ತಿದ ಅಪ್ಪನನ್ನು ಅದೇ ಚಂದಾದ ಲೆಕ್ಕ ಕೇಳಿ ಕಮಿಟಿಯವರು ಕೆಲಸದಿಂದ ಕಳಿಸಿದ್ದು. ಲೆಕ್ಕ ಪೈಸೆಗೆ ಪೈಸೆ ಸರಿಯಿತ್ತು. ನಾನಾಗ ಎಂಟನೇ ಕ್ಲಾಸು. ಅಮ್ಮ ಆ ವಾರವೆಲ್ಲ ನಮ್ಮನ್ನು ಹಿಂದಿನ ಬಾಗಿಲಿಂದ ಸ್ಕೂಲಿಗೆ ಕಳಿಸುತ್ತಿದ್ದಳು.

ನಾನು ಹೇಳಿದೆ, ಹೋಗಿ ಅಪ್ಪ, ನಿಮ್ಮ ಹುಡುಗರು ಕಾಯ್ತಿರ್ತಾರೆ ಅಂತ. ಹೇಳಿದ ಮೇಲೆ ಅನುಮಾನ. ಟ್ಯಾಪನ್ ಬಂದಿದ್ದರೆ ಆ ವೇದಿಕೆ ಮೇಲೆ ಯಾರ ಪಕ್ಕ ಕೂತಿರುತ್ತಿದ್ದರು?

ರಾತ್ರಿ ಚಪಾತಿ ಒಂದೇ ತಿಂದರು. ಮಜ್ಜಿಗೆ ಬೇಡ ಅಂದರು. ಚಾರ್ಜಿಗೆ ಹಾಕಲು ಅವರ ಫೋನ್ ತೆಗೆದುಕೊಂಡಾಗ ಕಣ್ಣಿಗೆ ಬಿತ್ತು: ಉತ್ತರ ಬರೆಯಲು ಶುರು ಮಾಡಿದ್ದಾರೆ. "ಮಾನ್ಯರೇ, ತಾವು ಕಳಿಸಿದ ಆಹ್ವಾನ ತಲುಪಿತು. ಆ ಲ್ಯಾಬಿನ ಬೀರು ಈಗಲೂ"

ಅಷ್ಟೇ ಇತ್ತು. ಮುಚ್ಚಿ ಇಟ್ಟೆ. ದೀಪ ಇನ್ನೂ