ಫೋಟೋದಲ್ಲಿ ಬೋಳುತಲೆ, ಎದುರಿಗೆ ಎರಡು ಜಡೆ

"ಇದು ಈ ಮಗೂದೇ ಅಂತ ನಾವು ಹೇಗೆ ನಂಬೋದು?"

ಸೋಮವಾರ ಮಗಳ ಹೆಸರಿನಲ್ಲಿ ಖಾತೆ ತೆರೆಯಲು ಹೋದಾಗ ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ ಮಾತು. ಇವತ್ತು ಶುಕ್ರವಾರ, ಇನ್ನೂ ಕಿವಿಯಲ್ಲೇ ಇದೆ. ಮಗಳು ನನ್ನ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವಳ ತಲೆ ಕೌಂಟರಿನ ಅಂಚಿಗೆ ಸರಿಯಾಗಿ ಬರುತ್ತೆ. ಕೌಂಟರಿನ ಒಳಗಿದ್ದವರು ಸ್ವಲ್ಪ ಬಗ್ಗಿದ್ದರೆ ಕಾಣುತ್ತಿದ್ದಳು. ಅವರು ಬಗ್ಗಲಿಲ್ಲ. ಆಧಾರ್ ಕಾರ್ಡಿನ ಫೋಟೋವನ್ನು ಪೆನ್ನಿನ ತುದಿಯಿಂದ ಎರಡು ಸಲ ಕುಟ್ಟಿದರು, ಅಷ್ಟೇ.

ಫೋಟೋ ಹಳೆಯದು, ಒಪ್ಪುತ್ತೇನೆ. ಅವಳಿಗೆ 2 ವರ್ಷವಿದ್ದಾಗ ತೆಗೆಸಿದ್ದು. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದ ವಾರ. ಬೋಳುತಲೆ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ಈಗ ಅವಳಿಗೆ 8, ಎರಡು ಜಡೆ. 5 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ಹೊಸ ಫೋಟೋ ಹಾಕಿಸಬೇಕಿತ್ತು. ಮಾಡಿಸಿರಲಿಲ್ಲ, ಅದು ನನ್ನ ತಪ್ಪೇ. ಆದರೆ ಅವಳ ಜನನ ಪ್ರಮಾಣಪತ್ರ ಇತ್ತು, ನನ್ನ ಆಧಾರ್, ಪ್ಯಾನ್ ಇತ್ತು. ಎಲ್ಲದರ ಒರಿಜಿನಲ್ ನನ್ನ ಕೈಯಲ್ಲೇ ಇತ್ತು. ಅವರು ಒಂದನ್ನೂ ಮುಟ್ಟಲಿಲ್ಲ. "ಜೆರಾಕ್ಸ್‌ಗೆ ಗೆಜೆಟೆಡ್ ಆಫೀಸರ್ ಹತ್ರ ಅಟೆಸ್ಟ್ ಮಾಡಿಸ್ಕೊಂಡು ಬನ್ನಿ" ಅಂದು ಮುಂದಿನವರನ್ನು ಕರೆದರು.

ಸ್ಕಾಲರ್‌ಶಿಪ್‌ಗೆ ಆಧಾರ್ ಜೋಡಿಸಿದ ಖಾತೆ ಬೇಕು ಅಂತ ಶಾಲೆಯಲ್ಲಿ ಹೇಳಿದ್ದರು. ಕೊನೆಯ ದಿನ ಹತ್ತಿರ ಬಂದಿತ್ತು. ವಾದ ಮಾಡಲು ಧೈರ್ಯ ಬರಲಿಲ್ಲ.

ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್ "ಗೊತ್ತಿಲ್ಲದವರಿಗೆ ಹಾಕಲ್ಲಮ್ಮ" ಅಂದರು. ಅವರ ಮೇಲೆ ಸಿಟ್ಟಿಲ್ಲ. ಸಹಿ ಹಾಕಿದವರಿಗೆ ಜವಾಬ್ದಾರಿ ಇರುತ್ತೆ ಅಲ್ವಾ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಕೊನೆಗೆ ಜೆರಾಕ್ಸ್ ಅಂಗಡಿಯ ಹುಡುಗ ದಾರಿ ತೋರಿಸಿದ. "ದನದ ಡಾಕ್ಟ್ರ ಹತ್ರ ಹೋಗಿ ಅಕ್ಕ, ಅವರೂ ಗೆಜೆಟೆಡ್ಡೇ."

ನಾವು ಹೋದಾಗ ಅವರು ಒಂದು ಹಸುವಿಗೆ ಇಂಜೆಕ್ಷನ್ ಕೊಡುತ್ತಿದ್ದರು. ಹಸುವಿನ ಕಿವಿಯಲ್ಲಿ ಹಳದಿ ಬಿಲ್ಲೆ ಇತ್ತು. ಮಗಳು ಅದರ ಮೇಲಿನ ಅಂಕಿಗಳನ್ನು ಎಣಿಸಿದಳು. 12. "ಅಮ್ಮಾ, ನನ್ನ ಆಧಾರ್‌ದೂ ಇಷ್ಟೇ" ಅಂದಳು. ಡಾಕ್ಟರು ಕೈ ತೊಳೆದುಕೊಂಡು, ಟವೆಲಿನಲ್ಲಿ ಒರೆಸಿಕೊಂಡು ಬಂದು ಕೂತರು. ನಾನು ಜೆರಾಕ್ಸ್ ಮುಂದಿಟ್ಟೆ. "ಒರಿಜಿನಲ್ ಕೊಡಿ" ಅಂದರು.

ಒಂದೊಂದನ್ನೇ ಪಕ್ಕಪಕ್ಕ ಇಟ್ಟು ನೋಡಿದರು. ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು. ಆಮೇಲೆ ಫೋಟೋ ನೋಡಿ, ತಲೆ ಎತ್ತಿ ಮಗಳನ್ನು ನೋಡಿದರು.

"ಯಾರು ಪುಟ್ಟಾ ಇದು?"

"ನಾನೇ. ಮಾದಪ್ಪಂಗೆ ಮುಡಿ ಕೊಟ್ಟಿದ್ದೆ."

"ಅಮ್ಮನ ಹೆಸರೇನು?" ಹೇಳಿದಳು. "ಯಾವ ಸ್ಕೂಲು?" ಅದನ್ನೂ ಹೇಳಿದಳು. ಇನ್ನೊಮ್ಮೆ ಫೋಟೋ ನೋಡಿದರು. "ಕಿವಿ ಅದೇ ಇದೆ" ಅಂದು ಹಸಿರು ಪೆನ್ನು ತೆಗೆದು ಸಹಿ ಹಾಕಿ, ಸೀಲು ಒತ್ತಿದರು. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು. ಅಷ್ಟು ಹೊತ್ತೂ ನನ್ನ ಮಗಳು ಅವರ ಕಣ್ಣಿಗೆ ಒಂದು ಮಗುವಾಗಿಯೇ ಇದ್ದಳು.

ಬ್ಯಾಂಕಿಗೆ ವಾಪಸು ಹೋದೆವು. ಹಾಳೆ ತಿರುವಿದರು, ಸೀಲು ಇದೆ ಅಂತ ನೋಡಿದರು, ಅರ್ಜಿ ತಗೊಂಡರು. ಆಗಲೂ ಮಗಳ ಕಡೆ ನೋಡಲಿಲ್ಲ.

ನಮ್ಮ ಬೀದಿಯಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಹಿರಿಯರೊಬ್ಬರಿದ್ದಾರೆ. ಸಂಜೆ ಅವರಿಗೆ ಹೇಳಿದೆ. ಗ್ರಾಹಕರ ಗುರುತು ಪರಿಶೀಲಿಸುವ ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲೇ ಇದೆಯಂತೆ: ಬ್ಯಾಂಕಿನ ಅಧಿಕಾರಿಯೇ ನಕಲನ್ನು ಒರಿಜಿನಲ್ ಜೊತೆ ಹೋಲಿಸಿ, ನೋಡಿದ್ದೇನೆ ಅಂತ ಅದರ ಮೇಲೆ ಬರೆಯಬೇಕು. ದೃಢೀಕರಣ ಅಂದರೆ ಅದೇ. ಅಂದರೆ ದನದ ಡಾಕ್ಟರು ಮಾಡಿದ ಕೆಲಸ ಆ ಕೌಂಟರಿನಲ್ಲೇ ಆಗಬೇಕಿತ್ತು. ಕೇಳಿ ಹೊಟ್ಟೆ ಉರಿಯಿತು.

ಆ ರಾತ್ರಿ ಅಪ್ಪನ ನೆನಪು ಬಂತು. ನನ್ನನ್ನು ಹಾಸ್ಟೆಲ್ಲಿಗೆ ಸೇರಿಸುವಾಗ ಅಪ್ಪ ಒಬ್ಬ ಆಫೀಸರ ಮನೆ ಗೇಟಿನ ಹೊರಗೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತಿದ್ದರು. ಕೂಲಿ ಬಿಟ್ಟು ಬಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಎರಡೂ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಆ ಹಸಿರು ಸಹಿಯನ್ನು ಮನೆಗೆ ಬಂದು ಅಮ್ಮನಿಗೆ ತೋರಿಸಿದ್ದರು. 2014ರ ಹೊತ್ತಿಗೆ ಸರ್ಕಾರಿ ಅರ್ಜಿಗಳಿಗೆ ನಾವೇ ಸಹಿ ಹಾಕಿ ದೃಢೀಕರಿಸಿದರೆ ಸಾಕು ಅಂತ ಬಂದಾಗ ನಾನು ಎಷ್ಟು ಖುಷಿಪಟ್ಟಿದ್ದೆ! ಇನ್ನು ಯಾರ ಅಪ್ಪನೂ ಗೇಟಿನ ಹೊರಗೆ ನಿಲ್ಲಬೇಕಾಗಿಲ್ಲ ಅಂದುಕೊಂಡಿದ್ದೆ. ನನಗೆ ಓದು ಬರುತ್ತೆ, ನಾಲ್ಕು ಜನರ ಪರಿಚಯ ಇದೆ. ಆದರೂ ಒಂದು ದಿನ ಪೂರ್ತಿ ಅಲೆದೆ. ನನ್ನ ಹಿಂದೆ ಸಾಲಿನಲ್ಲಿ ಮೊಮ್ಮಗನನ್ನು ಕರೆದುಕೊಂಡು ನಿಂತಿದ್ದ ಅಜ್ಜಿ ಏನು ಮಾಡಿದರೋ.

ನಾಳೆ ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದೇವೆ. ಹೊಸ ಫೋಟೋಗೆ ಜಡೆ ಎರಡೂ ಮುಂದಕ್ಕೆ ಬರಬೇಕಂತೆ. ರಿಬ್ಬನ್ ಈಗಲೇ ತೆಗೆದಿಟ್ಟುಕೊಂಡಿದ್ದಾಳೆ.