ಮೀಟರಿನ ಕೆಂಪು ದೀಪವೇ ಪಾಠದ ಉಪಕರಣ

ಹೈಸ್ಕೂಲಿನಲ್ಲಿ ವಿದ್ಯುತ್ ಉಳಿತಾಯದ ಪಾಠವೆಂದರೆ ಸಾಮಾನ್ಯವಾಗಿ ಚಾರ್ಟು, ಘೋಷಣೆ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಫೋಟೊ. ಮೆಗಾವ್ಯಾಟ್ ಹಾಗಿರಲಿ, ತಲೆ ಮೇಲೆ ತಿರುಗುವ ಫ್ಯಾನಿಗೆ ಎಷ್ಟು ವ್ಯಾಟ್ ಬೇಕೆಂದು ಕೇಳಿ ನೋಡಿ, ತರಗತಿ ಗಪ್‌ಚಿಪ್. ಅಳೆಯಲು ಏನನ್ನೂ ಕೊಳ್ಳಬೇಕಿಲ್ಲ, ಶಾಲೆಯ ಡಿಜಿಟಲ್ ಮೀಟರೇ ಸಾಕು.

ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ: 1600, 3200, ಹೀಗೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿದರೆ 1125. ಈ 1125ನ್ನು ಎರಡು ಮಿನುಗಿನ ನಡುವಿನ ಸೆಕೆಂಡುಗಳಿಂದ ಭಾಗಿಸಿ, ಬರುವುದೇ ವ್ಯಾಟ್. 15 ಸೆಕೆಂಡಿಗೊಮ್ಮೆ ಮಿನುಗಿದರೆ 75 ವ್ಯಾಟ್, ಮಾಮೂಲಿ ಸೀಲಿಂಗ್ ಫ್ಯಾನ್. 30 ವ್ಯಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟರಿನ) ಫ್ಯಾನಾದರೆ ಮುಂದಿನ ಮಿನುಗಿಗೆ 37.5 ಸೆಕೆಂಡು ಕಾಯಬೇಕು. ಮಕ್ಕಳು ಮರೆಯದ ವ್ಯತ್ಯಾಸ ಇದು.

ಹತ್ತು ಮಿನುಗಿನ ಸಮಯ ಹಿಡಿದು ಹತ್ತರಿಂದ ಭಾಗಿಸುವಾಗ ತಪ್ಪುವುದು ಎಣಿಕೆಯಲ್ಲಿ. ಸ್ಟಾಪ್‌ವಾಚ್ ಒತ್ತಿದ ಮಿನುಗಿಗೆ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದು ಶುರುಮಾಡಿದರೆ ಹತ್ತಕ್ಕೆ ಬರುವಷ್ಟರಲ್ಲಿ ಅಂತರ ಒಂಬತ್ತೇ ಆಗಿರುತ್ತದೆ, ಲೆಕ್ಕದಲ್ಲಿ ವ್ಯಾಟ್ ಶೇ. 11ರಷ್ಟು ಹೆಚ್ಚು ಬರುತ್ತದೆ. ಇನ್ನೊಂದು, ಕಂಪ್ಯೂಟರ್ ಕೋಣೆಯ ಯುಪಿಎಸ್. ಕರೆಂಟ್ ಹೋಗಿ ಬಂದ ಮೇಲೆ ಅದು ಸದ್ದಿಲ್ಲದೆ ಬ್ಯಾಟರಿ ಚಾರ್ಜ್ ಮಾಡುತ್ತಿರುತ್ತದೆ. ಹಾಗಾಗಿ ಫ್ಯಾನು, ಲೈಟು ಎಲ್ಲ ಆರಿಸಿ ಮೊದಲು ಎಷ್ಟು ವ್ಯಾಟ್ ಎಂದು ಬರೆದುಕೊಳ್ಳಿ, ಆಮೇಲಿನದರಿಂದ ಕಳೆಯಿರಿ. ಮಕ್ಕಳು ಮೀಟರ್ ಬೋರ್ಡಿನ ಹತ್ತಿರ ಹೋಗುವುದೇ ಬೇಡ. ಮೊಬೈಲಿನಲ್ಲಿ ವಿಡಿಯೊ ಹಿಡಿದು ತರಗತಿಯಲ್ಲಿ ಎಣಿಸಿದರೂ ಲೆಕ್ಕ ಅದೇ.

ಸೋಲಾರ್ ಪಾಠಕ್ಕೆ 12 ವೋಲ್ಟಿನ, 10 ವ್ಯಾಟಿನ ಪ್ಯಾನೆಲ್, ಮಲ್ಟಿಮೀಟರ್, 33 ಓಮ್‌ನ 10 ವ್ಯಾಟ್ ರೆಸಿಸ್ಟರ್ ಇದ್ದರೆ ಆಯಿತು. ಬರೀ ಪ್ಯಾನೆಲ್‌ಗೆ ಮಲ್ಟಿಮೀಟರ್ ಹಿಡಿದರೆ 21 ವೋಲ್ಟ್ ಆಸುಪಾಸು ತೋರಿಸುತ್ತದೆ. ‘12 ಅಂತ ಬರೆದಿದೆಯಲ್ಲ ಸಾರ್’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. 12 ಎಂಬುದು ಅದು ಚಾರ್ಜ್ ಮಾಡುವ ಬ್ಯಾಟರಿಯ ವೋಲ್ಟ್. ಇನ್ನು ಲೋಡ್ (ಕರೆಂಟ್ ಎಳೆಯುವ ಸಾಧನ) ಇಲ್ಲದ ವೋಲ್ಟೇಜಿನಿಂದ ಕೆಲಸವೇನೂ ಆಗುವುದಿಲ್ಲ. ರೆಸಿಸ್ಟರ್ ಜೋಡಿಸಿ ವೋಲ್ಟನ್ನು ಮತ್ತೆ ಅಳೆದು, ಅದರ ವರ್ಗವನ್ನು 33ರಿಂದ ಭಾಗಿಸಿ, ಆಗ ಸಿಗುವುದು ನಿಜವಾದ ವ್ಯಾಟ್. ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಹಂಚಿನ ಚೂರಿನ ಮೇಲಿಡಿ.

ಈಗ ಒಂದೇ ಒಂದು ಸೆಲ್ಲಿನ ಮೇಲೆ ರಟ್ಟು ಮುಚ್ಚಿ. ಪ್ಯಾನೆಲಿನಲ್ಲಿರುವುದು 36 ಸೆಲ್, ಹಾಗಾಗಿ 36ರಲ್ಲಿ ಒಂದು ಪಾಲು ಇಳಿಯುತ್ತದೆ ಎಂದು ಮಕ್ಕಳು ಊಹಿಸುತ್ತಾರೆ. ಇಳಿಯುವುದು ಬಹುಪಾಲು. ಸೆಲ್ಲುಗಳೆಲ್ಲ ಸರಣಿಯಲ್ಲಿರುವುದರಿಂದ ಒಂದು ಕಡೆ ಪೈಪ್ ಅದುಮಿದಂತಾಗಿ ಇಡೀ ಹರಿವು ಕುಗ್ಗುತ್ತದೆ. ಚಾವಣಿಯ ಪ್ಯಾನೆಲಿನ ಮೇಲೆ ತೆಂಗಿನ ಗರಿಯ ನೆರಳು ಯಾಕೆ ಬೀಳಬಾರದೆಂದು ಆಮೇಲೆ ವಿವರಿಸಬೇಕಾಗಿಲ್ಲ.

ಏಪ್ರಿಲ್ ಮಧ್ಯಾಹ್ನ ಪೂರ್ತಿ 10 ವ್ಯಾಟ್ ಬರಲಿಲ್ಲವೆಂದು ಪ್ಯಾನೆಲನ್ನು ಅಂಗಡಿಗೆ ವಾಪಸು ಒಯ್ಯಬೇಡಿ. 25 ಡಿಗ್ರಿಯಾಚೆ ಸೆಲ್ ಕಾದಷ್ಟೂ, ಡಿಗ್ರಿಗೆ ಸುಮಾರು ಶೇ. 0.4ರಂತೆ ವ್ಯಾಟ್ ಇಳಿಯುತ್ತದೆ.