ಪಾದ್ರಿಗಳಿಗೆ ಮದುವೆ ಆಗುತ್ತಾ? ಮಕ್ಕಳಿರ್ತಾರಾ?

ಹೊಸದಾಗಿ ಪರಿಚಯವಾದವರು ಮಾತಿನ ಮಧ್ಯೆ ಅಪ್ಪ ಏನು ಕೆಲಸದಲ್ಲಿದ್ದರು ಅಂತ ಕೇಳುತ್ತಾರೆ. ಸಿ.ಎಸ್.ಐ. ಸಭೆಯಲ್ಲಿ, ಅಂದರೆ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ, ಪಾದ್ರಿಯಾಗಿದ್ದರು ಅನ್ನುತ್ತೇನೆ. ಅವರ ಮುಖ ನೋಡಬೇಕು. ಸ್ವಲ್ಪ ತಡೆದು, ದನಿ ತಗ್ಗಿಸಿ, "ಅಲ್ಲ... ಪಾದ್ರಿಗಳಿಗೆ ಮದುವೆ ಇಲ್ವಲ್ಲಾ?" ಅನ್ನುತ್ತಾರೆ. ಕಾಲೇಜಿನಲ್ಲಿ ಕೇಳಿದರು, ಆಫೀಸಿನಲ್ಲಿ ಕೇಳಿದರು, ಮನೆ ಬಾಡಿಗೆಗೆ ಕೊಡುವವರು ಕೇಳಿದರು. ಪಪ್ಪ ತೀರಿಕೊಂಡಾಗ ಮಾತಾಡಿಸಲು ಬಂದವರಲ್ಲೂ ಒಬ್ಬರು ಕೇಳಿದರು. ಆವತ್ತು ನನಗೆ ನಗು ಬಂತು, ಅದೂ ಒಳ್ಳೆಯದೇ ಆಯಿತು.

ಹಾಗಾಗಿ ಒಂದು ಸಲ ಬರೆದೇ ಬಿಡೋಣ ಅಂತ.

ಮದುವೆ ಇಲ್ಲದವರು ಕೆಥೊಲಿಕ್ ಫಾದರ್‌ಗಳು. ಅದೂ ಮೊದಲಿನಿಂದ ಬಂದ ಕಟ್ಟುನಿಟ್ಟಲ್ಲ, ಅವರಲ್ಲಿ ಈ ನಿಯಮ ಗಟ್ಟಿಯಾಗಿದ್ದು 12ನೇ ಶತಮಾನದಲ್ಲಿ. ಬೈಬಲ್ ತೆಗೆದು ನೋಡಿದರೆ ಯೇಸುವಿನ ಶಿಷ್ಯ ಪೇತ್ರನಿಗೇ ಅತ್ತೆ ಇದ್ದಾಳೆ, ಆಕೆಗೆ ಜ್ವರ ಬಂದಿದ್ದಾಗ ಯೇಸು ವಾಸಿ ಮಾಡಿದ ಕಥೆ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಪ್ರೊಟೆಸ್ಟೆಂಟರ ದಾರಿ ಬೇರೆಯಾಯಿತು. ಸ್ವತಃ ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ 1525ರಲ್ಲಿ, ಕಾನ್ವೆಂಟ್ ಬಿಟ್ಟು ಬಂದಿದ್ದ ಕಥರೀನಾ ಎಂಬ ಸನ್ಯಾಸಿನಿಯನ್ನು ಮದುವೆಯಾದರು. ಆರು ಮಕ್ಕಳು. ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಆದದ್ದು. ನಮ್ಮ ಕಡೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಕಟ್ಟಿದ ಎಷ್ಟೋ ಸಭೆಗಳು ಈಗ ಇದರಲ್ಲೇ ಇವೆ. ಇಲ್ಲಿ ಪಾದ್ರಿಗೆ ಸಂಸಾರ ಇರುವುದೇ ಮಾಮೂಲು.

ಇನ್ನೂ ನಂಬಿಕೆ ಬರದವರಿಗೆ ನಾನು ಕಿಟೆಲ್ ಹೆಸರು ಹೇಳುತ್ತೇನೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟರಲ್ಲ, ಬಾಸೆಲ್ ಮಿಷನ್ನಿನ ಪಾದ್ರಿ, ಅವರೇ. ಅವರ ತಂದೆಯೂ ಪಾದ್ರಿ. ಕಿಟೆಲ್ ಹೆಂಡತಿ ಪೌಲೀನಾ 1864ರಲ್ಲಿ ತೀರಿಕೊಂಡರು, ಆಮೇಲೆ ಅವರು ಪೌಲೀನಾಳ ಸಹೋದರಿ ಜೂಲಿಯನ್ನು ಮದುವೆಯಾದರು. ಆದರೆ ಆಗಿನ ಬಾಸೆಲ್ ಮಿಷನ್ನಿನವರಿಗೆ ಮದುವೆ ಸುಲಭವಿರಲಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಕೂತ ಕಮಿಟಿ ಒಪ್ಪಬೇಕಿತ್ತು. ಎಷ್ಟೋ ಜನ ವಧುವಿನ ಮುಖ ನೋಡಿದ್ದೇ ಆಕೆ ಹಡಗಿನಿಂದ ಇಳಿದ ಮೇಲೆ. ಮಕ್ಕಳ ಕಥೆ ಇನ್ನೂ ಕಷ್ಟದ್ದು. ಇಲ್ಲಿ ಹುಟ್ಟಿದ ಮಕ್ಕಳನ್ನು ಓದಿಗಾಗಿ ಯುರೋಪಿಗೆ ಕಳಿಸುತ್ತಿದ್ದರು, ಅವರಿಗಾಗಿಯೇ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆ ಇತ್ತು. ಮಲಯಾಳಂ ನಿಘಂಟು ಮಾಡಿದ, ಅದೇ ಮಿಷನ್ನಿನ ಗುಂಡರ್ಟ್ ಅವರ ಮಗಳು ಮರಿಯಾ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಅವಳು ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಕೆಲಸಕ್ಕೆ ವಾಪಸ್ ಬಂದರು. ಮುಂದೆ ನೊಬೆಲ್ ಪಡೆದ ಲೇಖಕ ಹರ್ಮನ್ ಹೆಸ್ಸೆ ಇದೇ ಮರಿಯಾಳ ಮಗ. ಆ ಮಿಷನರಿಗಳ ಬಗ್ಗೆ ನನಗೆ ತುಂಬಾ ಗೌರವವಿದೆ, ಆದರೆ ಈ ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಅರಗುವುದಿಲ್ಲ.

ಯಾಕೆಂದರೆ ನನ್ನ ಪಪ್ಪ ಅಂಥವರಲ್ಲ. ಸಭೆ, ಸಂಸಾರ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡರು.

ನಾವು ಬೆಳೆದದ್ದು ಪಾರ್ಸನೇಜ್‌ನಲ್ಲಿ, ಚರ್ಚ್ ಕಾಂಪೌಂಡಿನೊಳಗಿನ ಮನೆಯಲ್ಲಿ. ರಾತ್ರಿ ಬಿಟ್ಟರೆ ಬಾಗಿಲು ಹಾಕಿದ್ದು ನೆನಪಿಲ್ಲ. ಬೆಳಗಿನ ಜಾವ ಯಾರದೋ ಸಾವಿನ ಸುದ್ದಿ ಬರುತ್ತಿತ್ತು, ಮಧ್ಯಾಹ್ನ ಗಂಡ ಹೆಂಡತಿ ಜಗಳ, ಸಂಜೆ ಕಾಲೇಜ್ ಅಡ್ಮಿಷನ್ನಿಗೆ ಪತ್ರ ಬೇಕು ಅಂತ ಒಬ್ಬ ಹುಡುಗ. "ಅಯ್ಯನವರು ಇದ್ದಾರಾ?" ಅಂತ ಯಾರಾದರೂ ಬಂದರೆ ನಾನೂ ತಮ್ಮನೂ ಚಾಪೆ ಹಾಕಿ, ನೀರು ಕೊಟ್ಟು, "ಸ್ನಾನಕ್ಕೆ ಹೋಗಿದ್ದಾರೆ, ಕೂತ್ಕೊಳ್ಳಿ" ಅನ್ನುವುದನ್ನು ಮಗ್ಗಿಗಿಂತ ಮೊದಲು ಕಲಿತಿದ್ದೆವು.

ಹಾಗಾದರೆ ಅಪ್ಪ ನಿಮಗೆ ಸಿಗುತ್ತಲೇ ಇರಲಿಲ್ಲವಾ ಅಂತ ಕೇಳುತ್ತಾರೆ. ಸಿಗುತ್ತಿದ್ದರು, ನನ್ನ ಗೆಳತಿಯರ ಅಪ್ಪಂದಿರಿಗಿಂತ ಜಾಸ್ತಿಯೇ. ವಾರದ ದಿನ ನಾವು ಶಾಲೆಯಿಂದ ಬರುವಾಗ ಮನೆಯಲ್ಲಿರುತ್ತಿದ್ದ ಅಪ್ಪ ಅವರೊಬ್ಬರೇ. ಸಂಜೆ ಮನೆಭೇಟಿಗೆ ಹೊರಟರೆ ನನ್ನನ್ನು ಚೇತಕ್ ಸ್ಕೂಟರಿನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಮನೆಮನೆಯಲ್ಲೂ ಟೀ. ಬೇಡ ಅಂದರೆ ಬೇಜಾರಾಗುತ್ತಾರೆ, ಆ ಮನೆಯಲ್ಲಿ ಕುಡಿದು ಈ ಮನೆಯಲ್ಲಿ ಬಿಟ್ಟರೆ ಇನ್ನೂ ಬೇಜಾರು, ಅದಕ್ಕೆ ಎಲ್ಲ ಕಡೆಯೂ ಕುಡಿದು ರಾತ್ರಿ ನಿದ್ದೆ ಬಾರದೆ ಓಡಾಡುತ್ತಿದ್ದರು. ದಾರಿಯಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಸಭೆಯಲ್ಲಿ ಆರಾಧನೆ, ಪ್ರಸಂಗ (ಅಂದರೆ ಉಪದೇಶ) ಎಲ್ಲ ಕನ್ನಡದಲ್ಲಿ, ಸಾವಿನ ಮನೆಯಲ್ಲಿ ಅಜ್ಜಿಯಂದಿರ ಪಕ್ಕ ಕೂತರೆ ಮಾತ್ರ ತುಳು.

ಸಿಗದೇ ಇದ್ದದ್ದು ಶನಿವಾರ. ಶನಿವಾರ ಪ್ರಸಂಗ ಬರೆಯುವ ದಿನ, ಊಟದ ಮೇಜು ಅವರದು, ನಾವು ಉಸಿರೆತ್ತುವಂತಿಲ್ಲ. ಬರೆದದ್ದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮನಿಗೆ ಓದಿ ಹೇಳುತ್ತಿದ್ದರು. ಅಮ್ಮ ಒಗ್ಗರಣೆ ಹಾಕುತ್ತಾ "ಉದ್ದ ಆಯ್ತು" ಅಂದರೆ ಮುಗಿಯಿತು, ಮತ್ತೆ ಮೇಜಿಗೆ. ರಾತ್ರಿ ಪಪ್ಪ ತಮ್ಮ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುವಾಗ ಅದರ ಜೊತೆಗೇ ನಮ್ಮ ಯೂನಿಫಾರಂಗೂ ಹಾಕಿ ಮಡಚಿಡುತ್ತಿದ್ದರು. ಲಂಗದ ನೆರಿಗೆ ಒಂದೊಂದನ್ನೂ ಬೆರಳಲ್ಲಿ ಒತ್ತಿ ಹಿಡಿದು, ಸಾಲಾಗಿ.

ಅವರು ಹೋದ ಮೇಲೆ ಆ ಪ್ರಸಂಗದ ನೋಟ್‌ಬುಕ್‌ಗಳು ನನ್ನ ಹತ್ತಿರ ಇವೆ. ಲೂಕ 15, ತಪ್ಪಿಹೋದ ಮಗನ ಕಥೆ. ನಡುವೆ ನೀಲಿ ಶಾಯಿಯಲ್ಲಿ ಪ್ರಸಂಗ, ಅಲ್ಲಲ್ಲಿ ಕೆಂಪಿನಲ್ಲಿ "ಇಲ್ಲಿ ನಿಲ್ಲು" ಅಂತ ತಮಗೇ ಬರೆದುಕೊಂಡದ್ದು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕ, ಪರೀಕ್ಷೆ ಫೀಸು, ಅದರ ಕೆಳಗೆ ತಮ್ಮನ ಹೆಸರು ಬರೆದು "ಶೂ ಚಿಕ್ಕದಾಗಿದೆ". ಓಡಿಹೋದ ಮಗನಿಗೆ ಅಪ್ಪ ಕಾಲಿಗೆ ಜೋಡು ತರಿಸುವ ವಾಕ್ಯ ಅದೇ ಅಧ್ಯಾಯದಲ್ಲಿದೆ. ಅದನ್ನು ಬರೆಯುವಾಗ ತಮ್ಮನ ಶೂ ನೆನಪಾಗಿರಬೇಕು.

ಸುಗ್ಗಿ ಹಬ್ಬದ ಕಥೆ ಹೇಳದಿದ್ದರೆ ತಮ್ಮ ಬಿಡುವುದಿಲ್ಲ. ಜನ ಮನೆಯಲ್ಲಿ ಬೆಳೆದದ್ದನ್ನು ಚರ್ಚಿಗೆ ತರುತ್ತಾರೆ, ಬಾಳೆಗೊನೆ, ತೆಂಗಿನಕಾಯಿ, ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು, ಬಂದ ದುಡ್ಡು ಸಭೆಗೆ. ಹರಾಜು ಸಪ್ಪೆಯಾಗಬಾರದು ಅಂತ ಪಪ್ಪ ತಾವೇ ರೇಟು ಏರಿಸುತ್ತಿದ್ದರು. ಎಲ್ಲರೂ ಸುಮ್ನೆ ಕೂತುಬಿಟ್ಟರೆ? ಸಿಹಿಗುಂಬಳ ನಮ್ಮ ಮನೆಗೆ. ವಾರವಿಡೀ ಅದೇ ಪಲ್ಯ, ಅದೇ ಸಾಂಬಾರು, ಅಮ್ಮನ ಅದೇ ಮುಖ.

ಎಲ್ಲ ಹೀಗೆ ನಗುವಂಥದ್ದೇ ಆಗಿರಲಿಲ್ಲ. ಪಾದ್ರಿ ಮಕ್ಕಳಿಗೆ ಮುಂದಿನ ಬೆಂಚು, ನಕ್ಕರೆ ತಪ್ಪು, ತೂಕಡಿಸಿದರೆ ಸುದ್ದಿ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿ ಒಂದು ಮಾತಿದೆ. ಸ್ವಂತ ಮನೆಯನ್ನು ನಡೆಸಲು ಬಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ. ಪಾದ್ರಿಯ ಮಕ್ಕಳ ತಲೆ ಮೇಲೆ ಇದಕ್ಕಿಂತ ಭಾರದ ವಾಕ್ಯ ಇಡೀ ಬೈಬಲಿನಲ್ಲಿ ಇಲ್ಲ. ನಾನು ಪಿಯುಸಿಯಲ್ಲಿ ಕೂದಲು ಕತ್ತರಿಸಿಕೊಂಡು ಗೆಳತಿಯರ ಜೊತೆ ಸಿನಿಮಾಕ್ಕೆ ಹೋದಾಗ, ಸಭೆಯ ಕಮಿಟಿಯ ಹಿರಿಯರೊಬ್ಬರು ಮನೆಗೇ ಬಂದು ಇದೇ ವಾಕ್ಯ ಓದಿದರು. ನಾನು ಒಳಗಿನ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಪಪ್ಪ ಪೂರ್ತಿ ಓದಲು ಬಿಟ್ಟರು. ಟೀ ಕೊಡಿಸಿದರು. ಆಮೇಲೆ, "ಸಭೆ ಕೆಲಸಕ್ಕೆ ಇಟ್ಟುಕೊಂಡಿರೋದು ನನ್ನನ್ನ. ನನ್ನ ತಪ್ಪಿದ್ರೆ ಹೇಳಿ, ತಿದ್ದಿಕೊಳ್ತೀನಿ. ಮಗಳ ಕೂದಲು ಮಗಳದ್ದು" ಅಂದರು. ಅಷ್ಟೇ. ಆ ಹಿರಿಯರಿಗೆ ಆಮೇಲೆ ಕಾಯಿಲೆ ಬಂದಾಗ ಆಸ್ಪತ್ರೆಯಲ್ಲಿ ರಾತ್ರಿ ಕೂತವರೂ ಪಪ್ಪನೇ. ನನಗೆ ಆಗ ಅದು ಸರಿ ಕಾಣಲಿಲ್ಲ, ಜಗಳವನ್ನೂ ಆಡಿದೆ.

ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಕರಾವಳಿ, ಮಲೆನಾಡು, ಮತ್ತೆ ಕರಾವಳಿ. ಹೊಸ ಊರಿಗೆ ಹೋದ ಕೂಡಲೇ ಪಪ್ಪ ಮೊದಲು ಶಾಲೆಗೆ ಟಿ.ಸಿ. ಹಿಡಿದು ಓಡುತ್ತಿದ್ದರು, ಚರ್ಚಿನ ಬೀಗದ ಕೈ ಆಮೇಲೆ. ಜೀವನವಿಡೀ ಸಭೆಯ ಮನೆಯಲ್ಲಿದ್ದವರಿಗೆ ನಿವೃತ್ತಿ ಅಂದರೆ ಕೆಲಸ ಬಿಡುವುದಷ್ಟೇ ಅಲ್ಲ, ಮನೆಯನ್ನೂ ಬಿಡಬೇಕು. ಸ್ವಂತ ಮನೆ ಕಟ್ಟಿರಲಿಲ್ಲ. ಇದ್ದದ್ದೆಲ್ಲ ನಮ್ಮ ಓದಿಗೆ ಹಾಕಿದ್ದರು. ಮಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಅಲ್ಲಿಗೂ ಜನ ಬಂದರು, ಹಳೆಯ ಊರಿನವರು, ತಮ್ಮ ಮದುವೆ ಮಾಡಿಸಿದ ಅಯ್ಯನವರೇ ಮಗುವಿಗೆ ದೀಕ್ಷಾಸ್ನಾನ ಕೊಡಬೇಕು ಅಂತ ಹಟ ಹಿಡಿದು. ಪಪ್ಪ ಅಲ್ಲಿನ ಸಭಾಪಾಲಕರಿಗೆ ಫೋನ್ ಮಾಡಿ ಕೇಳಿಯೇ ಹೋಗುತ್ತಿದ್ದರು, ಬಸ್ಸಿನಲ್ಲಿ.

ಇಷ್ಟು ಹೇಳಿದ ಮೇಲೆ ಕೊನೆಗೆ ಬರುವ ಪ್ರಶ್ನೆ, ನೀವ್ಯಾಕೆ ಪಾದ್ರಿ ಆಗಲಿಲ್ಲ? ಹೆಂಗಸರಿಗೆ ಅವಕಾಶ ಇಲ್ಲವೇನೋ ಅಂತಲೂ ಅಂದುಕೊಳ್ಳುತ್ತಾರೆ. ಇದೆ. ಸಿ.ಎಸ್.ಐ.ನಲ್ಲಿ ಮಹಿಳಾ ಪಾದ್ರಿಗಳಿದ್ದಾರೆ, 2013ರಲ್ಲಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದಲ್ಲಿ ಬಿಷಪ್ ಕೂಡ ಆದರು. ಪಪ್ಪ ಊರಿನ ಹುಡುಗ ಹುಡುಗಿಯರಿಗೆಲ್ಲ "ಬಲ್ಮಠದ ಕಾಲೇಜಿಗೆ ಅರ್ಜಿ ಹಾಕಿ, ದೇವಶಾಸ್ತ್ರ ಓದಿ" ಅಂತ ಹೇಳುತ್ತಿದ್ದರು. ನಮ್ಮಿಬ್ಬರಿಗೆ ಒಂದು ಸಲವೂ ಹೇಳಲಿಲ್ಲ. ಯಾಕೆ ಅಂತ ತಮ್ಮ ಕೇಳಿಯೇ ಬಿಟ್ಟ. "ನಾನು ಹೇಳಿದ್ರೆ ನೀವು ಅಪ್ಪನ ಮಾತಿಗೆ ಹೋಗ್ತೀರಿ, ದೇವರ ಕರೆಗಲ್ಲ" ಅಂದರು. ತಮ್ಮ ಈಗ ಬ್ಯಾಂಕಿನಲ್ಲಿದ್ದಾನೆ. ನಾನು ಲೆಕ್ಕ ಪಾಠ ಮಾಡುತ್ತೇನೆ, ಶನಿವಾರ ರಜಾ.